ನೋಟಿಸಿನ ಮೂಲೆಯ ನೆರಳು

"ಗಟ್ಟಿಯಾಗಿ ಓದೇ ಸೂಜಿ. ನನ್ನ ಕನ್ನಡಕ ಒಳಗಿದೆ," ಎಂದರು ಬೀಗದ ತಾತ.

ಸೂಜಿ ಸ್ಕೂಲ್ ಬ್ಯಾಗನ್ನು ಹೆಗಲ ಮೇಲೆ ಸರಿಮಾಡಿಕೊಂಡು, ಹಿಮ್ಮಡಿ ಎತ್ತಿ ನಿಂತಳು. ತಾತನ ಬಾಗಿಲಿಗೆ ಯಾರೋ ಒಂದು ಕಾಗದ ಅಂಟಿಸಿ ಹೋಗಿದ್ದರು. ಅಂಟು ಇನ್ನೂ ಒಣಗಿರಲಿಲ್ಲ.

"ಮನೆ ನಂಬರ್ ಏಳು. ಈ ಮನೆಯಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ಯಾರೂ ವಾಸವಿರುವುದಿಲ್ಲ. ಮನೆಯ ಪತ್ರಗಳು ಇಲ್ಲ. ಆದ್ದರಿಂದ ಇದನ್ನು ಖಾಲಿ ಮನೆ ಎಂದು ಗುರುತಿಸಲಾಗಿದೆ. ಮೂವತ್ತು ದಿನಗಳೊಳಗೆ..."

ಸೂಜಿ ಅಲ್ಲಿಗೇ ನಿಲ್ಲಿಸಿದಳು.

"ಹೂಂ, ಮೂವತ್ತು ದಿನದೊಳಗೆ ಏನು?"

"ಜಾಗ ಬಿಡಬೇಕಂತೆ ತಾತ."

ತಾತ ತಮ್ಮ ಬಾಗಿಲನ್ನು ಮೇಲಿಂದ ಕೆಳಗೆ ನೋಡಿದರು. "ಖಾಲಿ ಮನೆಯಂತೆ! ಹಾಗಾದ್ರೆ ಇಲ್ಲಿ ನಿಂತಿರೋನು ಯಾರು, ನನ್ನ ದೆವ್ವಾನಾ?"

ಯಾರೂ ನಗಲಿಲ್ಲ. ಅಷ್ಟು ಹೊತ್ತಿಗೆ ಓಣಿಯ ಜನರೆಲ್ಲ ಅಲ್ಲಿ ಸೇರಿದ್ದರು. ಓಣಿಯಲ್ಲಿ ಇದ್ದದ್ದೇ ಹದಿನಾಲ್ಕು ಮನೆ. ಅದರಲ್ಲಿ ಒಂಬತ್ತು ಮನೆಗಳ ಬಾಗಿಲಿಗೆ ಇಂಥದ್ದೇ ಕಾಗದ ಬಿದ್ದಿತ್ತು. ಸೂಜಿಯ ಮನೆಯದ್ದರಲ್ಲಿ ‘ಇದು ವಾಸದ ಮನೆಯಲ್ಲ, ಹೊಲಿಗೆ ಅಂಗಡಿ’ ಎಂದಿತ್ತು. ಪೇಂಟರ್ ಮಾವನ ಮನೆಯದ್ದರಲ್ಲಿ ‘ಹಿಂದಿನ ಗೋಡೆ ಬಿರುಕು ಬಿಟ್ಟಿದೆ, ವಾಸಕ್ಕೆ ಯೋಗ್ಯವಲ್ಲ’ ಎಂದಿತ್ತು.

"ನಮ್ಮ ಹಿಂದಿನ ಗೋಡೆ ಬಿರುಕು ಬೀದಿಗೆ ಕಾಣೋದೇ ಇಲ್ಲ," ಎಂದರು ಪೇಂಟರ್ ಮಾವ. "ಅದರ ಮುಂದೆ ಬೀರು ಇದೆ. ಬೀರು ಸರಿಸಿ ನೋಡಿ ಹೋದೋರು ಯಾರು ಹಾಗಾದ್ರೆ?"

"ನಾನು ಮಗಳ ಮನೆಗೆ ಹೋಗಿ ನಾಲ್ಕು ತಿಂಗಳು ಇರ್ತೀನಿ ಅಂತ ಅವರಿಗೆ ಹೇಗೆ ಗೊತ್ತಾಯ್ತು?" ಎಂದರು ತಾತ. "ಪತ್ರಕ್ಕೆ ಗೆದ್ದಲು ಹಿಡಿದು ಹೋಗಿದ್ದು ಗೊತ್ತಿರೋದು ಈ ಓಣಿಗೆ ಮಾತ್ರ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಯಾರೂ ಯಾರ ಮುಖವನ್ನೂ ಸರಿಯಾಗಿ ನೋಡಲಿಲ್ಲ.

ಪ್ರತಿ ಕಾಗದದ ಮೂಲೆಯಲ್ಲೂ ಆ ಮನೆಯ ಬಾಗಿಲಿನ ಒಂದು ಚಿಕ್ಕ ಕಪ್ಪು ಬಿಳುಪು ಫೋಟೊ ಇತ್ತು. ತಾತನ ಕಾಗದದಲ್ಲಿದ್ದ ಫೋಟೊದ ಬುಡದಲ್ಲಿ ಏನೋ ಕಪ್ಪಗೆ ಮಸುಕಾಗಿತ್ತು. ಪೇಂಟರ್ ಮಾವ ಅದರ ಮೇಲೆ ಉಗುರಿನಿಂದ ತಟ್ಟಿದರು. "ಇಲ್ಲೇ ನಿಂತು ತೆಗೆದಿದ್ದಾರೆ ನೋಡಿ. ಇದು ಹೊರಗಿನವರ ಕೆಲಸ ಅಲ್ಲವೇ ಅಲ್ಲ. ಒಳಗೇ ಯಾರೋ ಇದ್ದಾರೆ."

ಅಮ್ಮ ಹೊಲಿಗೆಯವಳು. ಮಗಳದು ಕಡ್ಡಿಯಂಥ ಮೈ, ಚೂಪು ಮಾತು. ಹಾಗಾಗಿ ಓಣಿಯವರೆಲ್ಲ ಅವಳನ್ನು ಸೂಜಿ ಎಂದೇ ಕರೆಯುತ್ತಿದ್ದರು. ಎಲ್ಲದರಲ್ಲೂ ಮೂಗು ತೂರಿಸುವುದು ಅವಳ ಅಭ್ಯಾಸ. ‘ಒಳಗೇ ಯಾರೋ ಇದ್ದಾರೆ’ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಅವಳು ಸುಮ್ಮನಿರುವುದುಂಟೇ?

ಸೂಜಿಗೆ ಮೊದಲು ನೆನಪಾದದ್ದು ಬ್ಯಾಡ್ಜ್ ಅಕ್ಕ.

ಬ್ಯಾಡ್ಜ್ ಅಕ್ಕ ಸೂಜಿಯ ಮನೆಯ ಹಿಂದಿನ ಚಿಕ್ಕ ರೂಮಿಗೆ ಬಾಡಿಗೆಗೆ ಬಂದು ಮೂರು ತಿಂಗಳಾಗಿತ್ತು. ಓಣಿಯ ಹಿಂದೆ ಆಕಾಶಕ್ಕೆ ಅಡ್ಡ ನಿಂತಿದ್ದ ಗಾಜಿನ ಬಿಲ್ಡಿಂಗಿನಲ್ಲಿ ಅವಳಿಗೆ ಕೆಲಸ. ಕುತ್ತಿಗೆಗೆ ನೀಲಿ ಪಟ್ಟಿ, ಪಟ್ಟಿಯ ತುದಿಗೆ ಫೋಟೊ ಇರುವ ಬ್ಯಾಡ್ಜ್. ಮಾತು ಕಡಿಮೆ. ಏನು ಕೆಲಸ ಎಂದು ಕೇಳಿದರೆ "ಒರೆಸೋ ಕೆಲಸ" ಎಂದಷ್ಟೇ ಹೇಳುತ್ತಿದ್ದಳು. ಆ ಬಿಲ್ಡಿಂಗಿನವರಿಗೆ ಈ ಓಣಿ ಬೇಕಂತೆ ಎಂದು ಎರಡು ವರ್ಷದಿಂದ ಗುಸುಗುಸು ಇತ್ತು.

ಸೂಜಿಯ ಅಪ್ಪ ಲಿಫ್ಟ್ ರಿಪೇರಿಯವರು. ದಿನಾ ಇಪ್ಪತ್ತು ಮೂವತ್ತು ಮಹಡಿ ಹತ್ತಿ ಇಳಿಯುವವರು, ಆದರೆ ಅವರ ಮನೆಗೆ ಒಂದು ಮೆಟ್ಟಿಲೂ ಇರಲಿಲ್ಲ. ಸೂಜಿಯ ಅನುಮಾನ ಕೇಳಿ ಅವರು ಹೇಳಿದರು: "ನೋಡು, ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ. ಸುಮ್ನೆ ಯಾರ ಮೇಲೂ ಅನುಮಾನ ಪಡಬೇಡ."

ಸೂಜಿ ತಲೆಯಾಡಿಸಿದಳು. ಸಂಜೆಯಾಗುತ್ತಲೇ ನೀರಿನ ಡ್ರಮ್ಮಿನ ಹಿಂದೆ ಹೋಗಿ ಕುಳಿತಳು.

ನಾಲ್ಕೂವರೆಗೆ ಬ್ಯಾಡ್ಜ್ ಅಕ್ಕ ಬಂದಳು. ಸೀದಾ ರೂಮಿಗೆ ಹೋಗಲಿಲ್ಲ. ಓಣಿಯ ಮೊದಲ ಮನೆಯ ಎದುರು ನಿಂತಳು. ಹಿಂದೆ ಮುಂದೆ ನೋಡಿದಳು. ಬ್ಯಾಗಿನಿಂದ ಒಂದು ಪುಟ್ಟ ನೋಟ್‌ಬುಕ್ ತೆಗೆದು ಏನೋ ಗೀಚಿಕೊಂಡಳು. ಎರಡನೇ ಮನೆ, ಮೂರನೇ ಮನೆ. ಹೀಗೇ ಬರುತ್ತಿದ್ದವಳು, ಪೇಂಟರ್ ಮಾವನ ಸೈಕಲ್ ಸದ್ದು ಕೇಳಿದ್ದೇ ಬುಕ್ಕನ್ನು ಬ್ಯಾಗಿಗೆ ತುರುಕಿ ಸರಸರನೆ ನಡೆದುಬಿಟ್ಟಳು.

ಸೂಜಿ ಡ್ರಮ್ಮಿನ ಹಿಂದಿನಿಂದ ಎದ್ದಳು. ಸಿಕ್ಕಿಬಿದ್ದಳು!

ಅರ್ಧ ಗಂಟೆಯೊಳಗೆ ಸೂಜಿ ನೋಡಿದ್ದು ಓಣಿಗೆಲ್ಲ ಗೊತ್ತಾಗಿತ್ತು. ಪೇಂಟರ್ ಮಾವ, ಬೀಗದ ತಾತ, ಇನ್ನೂ ನಾಲ್ಕೈದು ಜನ ಸೂಜಿಯ ಮನೆಯ ಮುಂದಿನ ಕೋಣೆಯಲ್ಲಿ ಬಂದು ನಿಂತರು. ಬಟ್ಟೆಯ ರಾಶಿಯ ನಡುವೆ ಕಾಲಿಡಲೂ ಜಾಗವಿರಲಿಲ್ಲ. ಅಮ್ಮ ಬ್ಯಾಡ್ಜ್ ಅಕ್ಕನನ್ನು ಕರೆದಳು.

"ಬುಕ್ಕಲ್ಲಿ ಏನಿದೆ ತೋರ್ಸಮ್ಮ," ಎಂದರು ಪೇಂಟರ್ ಮಾವ.

ಅಕ್ಕ ಬುಕ್ ತೆರೆದು ಹಿಡಿದಳು. ಬರೀ ನಂಬರುಗಳು.

"ನೋಟಿಸಿನ ನಂಬರ್ ಇವು. ನಮ್ಮ ಬಿಲ್ಡಿಂಗಲ್ಲಿ ಒಂದು ಬೋರ್ಡ್ ಮೇಲೆ ಇಂಥವೇ ನಂಬರ್ ಇವೆ. ಅವೂ ಇವೂ ಒಂದೇನಾ ಅಂತ ನೋಡೋಣ ಅಂತ ಬರ್ಕೊಂಡೆ."

"ನೋಡಿದ್ರಾ!" ಪೇಂಟರ್ ಮಾವನ ದನಿ ಏರಿತು. "ಅವರ ಬೋರ್ಡಿನ ವಿಷಯ ಇವಳಿಗೆ ಹೇಗೆ ಗೊತ್ತು?"

"ಬೋರ್ಡ್ ಒರೆಸೋದು ನಾನೇ ಅಲ್ವಾ? ಅದನ್ನು ಮಾತ್ರ ಒರೆಸಬೇಡ ಅಂತ ಪಕ್ಕದಲ್ಲೇ ಬರೆದಿದ್ದಾರೆ. ಅದಕ್ಕೇ ಕಣ್ಣಿಗೆ ಬಿತ್ತು."

ಅವಳು ಬಾಯಿ ತೆರೆದಷ್ಟೂ ಅನುಮಾನ ಹೆಚ್ಚಾಯಿತು.

"ಮೊದಲೇ ಯಾಕೆ ಹೇಳ್ಲಿಲ್ಲ?" ಎಂದಳು ಅಮ್ಮ.

"ಇವತ್ತು ಬೆಳಿಗ್ಗೆ ಹೇಳೋಕೆ ಅಂತಾನೇ ಬಂದೆ ಅಕ್ಕಾ. ನಾನು ಬಂದ ತಕ್ಷಣ ನೀವೆಲ್ಲ ಮಾತು ನಿಲ್ಸಿಬಿಟ್ರಿ." ಅವಳ ಬೆರಳು ನೀಲಿ ಪಟ್ಟಿಯನ್ನು ಸುತ್ತುತ್ತಿತ್ತು. "ಓಣಿ ಹೋದ್ರೆ ನನ್ನ ರೂಮೂ ಹೋಗುತ್ತೆ. ನಾನ್ಯಾಕೆ ಹೀಗೆ ಮಾಡ್ಲಿ?"

ಅಮ್ಮ ಹೊಲಿಗೆ ಮಿಷನ್ನಿನ ಕಡೆ ನೋಡುತ್ತಾ ಹೇಳಿದಳು: "ಭಾನುವಾರದೊಳಗೆ ಬೇರೆ ಕಡೆ ರೂಮ್ ನೋಡ್ಕೊಳಮ್ಮ. ನನಗೂ ಈ ಓಣಿಯವರ ಜೊತೆ ಬಾಳಬೇಕಲ್ಲ."

ಅಕ್ಕ ಹೋಗುವ ಮುಂಚೆ ಒಂದೇ ಒಂದು ಕ್ಷಣ ಸೂಜಿಯನ್ನು ನೋಡಿದಳು. ಸೂಜಿ ನೋಟ ಬದಲಿಸಲಿಲ್ಲ. ಕಳ್ಳಿಯನ್ನು ಹಿಡಿದವರು ಯಾಕೆ ತಲೆ ತಗ್ಗಿಸಬೇಕು?

ಶುಕ್ರವಾರ ಸ್ಕೂಲಿನಲ್ಲಿ ಮಿಸ್ ಟ್ಯಾಬ್‌ಗಳನ್ನು ಹಂಚಿದರು.

ಎರಡು ತಿಂಗಳ ಹಿಂದೆ ಒಬ್ಬ ಅಂಕಲ್ ಬಂದು ಕ್ಲಾಸಿಗೆಲ್ಲ ಆ ಟ್ಯಾಬ್ ಕೊಟ್ಟು ಹೋಗಿದ್ದರು. ಹಳದಿ ಟಿ-ಶರ್ಟ್, ಕಿವಿಯವರೆಗೆ ನಗು. ‘ನನ್ನ ಬೀದಿ, ನನ್ನ ನಕ್ಷೆ’ ಎಂದು ಒಂದು ಸ್ಪರ್ಧೆ. ನಮ್ಮ ಬೀದಿಯ ಫೋಟೊ ತೆಗೆಯಬೇಕು, ಟ್ಯಾಬ್ ಕೇಳುವ ಪ್ರಶ್ನೆಗೆ ಉತ್ತರ ತುಂಬಬೇಕು. ಒಂದೊಂದು ಮನೆಗೆ ಒಂದೊಂದು ಸ್ಟಾರ್. ಹದಿನಾಲ್ಕಕ್ಕೆ ಹದಿನಾಲ್ಕೂ ಸ್ಟಾರ್ ತೆಗೆದುಕೊಂಡವಳು ಸೂಜಿ ಒಬ್ಬಳೇ. ಅವಳ ಹೆಸರು ಇನ್ನೂ ಕ್ಲಾಸಿನ ಬೋರ್ಡಿನ ಮೂಲೆಯಲ್ಲಿತ್ತು.

"ಏ, ಇಲ್ಲಿ ನೋಡೇ," ಎಂದಳು ಪಕ್ಕದಲ್ಲಿ ಕೂರುವ ಹದಿನೆಂಟು. ಅಪಾರ್ಟ್‌ಮೆಂಟಿನ ಹದಿನೆಂಟನೇ ಮಹಡಿಯಲ್ಲಿದ್ದಾಳೆಂದು ಸೂಜಿಯೇ ಅವಳಿಗೆ ಇಟ್ಟ ಹೆಸರು ಅದು. "ನಂದು ಇನ್ನೂ ಮುಗಿದೇ ಇಲ್ಲ. ಜೋಕಾಲಿ ಯಾವ ಬಣ್ಣ ಇರಲಿ? ಕೆಂಪು ಹಾಕ್ಲಾ?"

"ಜೋಕಾಲಿನಾ? ಎಲ್ಲಿ ಜೋಕಾಲಿ?"

"ಪಾರ್ಕಲ್ಲಿ. ಬೆಂಚ್ ಎಷ್ಟು ಬೇಕು, ಮರ ಯಾವುದು ಬೇಕು, ನಾಯಿಗೆ ಓಡಾಡೋಕೆ ಜಾಗ ಬೇಕಾ ಅಂತೆಲ್ಲ ಕೇಳ್ತಿದೆ. ನಿಂಗೂ ಅದನ್ನೇ ಕೇಳ್ತಲ್ವಾ?"

ಸೂಜಿ ಅವಳ ಟ್ಯಾಬನ್ನು ಎಳೆದುಕೊಂಡಳು. ಅವಳಿಗೆ ಒಂದೇ ಒಂದು ಬೆಂಚಿನ ಬಗ್ಗೆಯೂ ಪ್ರಶ್ನೆ ಬಂದಿರಲಿಲ್ಲ. ಬಂದಿದ್ದೆಲ್ಲ ಬೇರೆ. ಈ ಮನೆಯಲ್ಲಿ ಎಷ್ಟು ಜನ ಇದ್ದಾರೆ? ಮನೆಗೆ ಎಷ್ಟು ತಿಂಗಳು ಬೀಗ ಹಾಕಿರುತ್ತದೆ? ಗೋಡೆ ಎಲ್ಲಾದರೂ ಬಿರುಕು ಬಿಟ್ಟಿದೆಯೇ? ಪತ್ರಗಳು ಇವೆಯೇ? ಮನೆಯಲ್ಲಿ ದಿನವಿಡೀ ಏನು ಕೆಲಸ ನಡೆಯುತ್ತದೆ?

"ಈ ಪಾರ್ಕ್ ಎಲ್ಲಿದೆ?"

"ಇನ್ನೂ ಇಲ್ಲ, ಬರುತ್ತಂತೆ. ನಮ್ಮ ಅಪಾರ್ಟ್‌ಮೆಂಟ್ ಹಿಂದೆ. ನೋಡು, ಇಲ್ಲಿ." ಹದಿನೆಂಟು ನಕ್ಷೆಯ ಮೇಲೆ ಬೆರಳಿಟ್ಟಳು.

ಬೆರಳಿನ ಕೆಳಗೆ ಒಂದು ಹಸಿರು ಪಟ್ಟಿ ಇತ್ತು. ಒಂದು ತುದಿಯಲ್ಲಿ ನೀರಿನ ಟ್ಯಾಂಕ್, ಇನ್ನೊಂದು ತುದಿಯಲ್ಲಿ ಬಸ್ ಡಿಪೊದ ಗೋಡೆ. ಸೂಜಿ ದಿನಾ ಆ ಟ್ಯಾಂಕಿನಿಂದ ಆ ಗೋಡೆಯವರೆಗೆ ನಡೆದು ಸ್ಕೂಲಿಗೆ ಬರುತ್ತಿದ್ದಳು. ಆ ಎರಡರ ನಡುವೆ ಹದಿನಾಲ್ಕು ಮನೆಗಳು ಇರಬೇಕಿತ್ತು.

"ಏನಾಯ್ತೇ? ಕೆಂಪು ಬೇಡ್ವಾ?" ಎಂದಳು ಹದಿನೆಂಟು.

ಸ್ಕೂಲ್ ಬಿಟ್ಟ ಕೂಡಲೇ ಸೂಜಿ ಓಡಿದಳು. ತಾತನ ಬಾಗಿಲ ಮುಂದೆ ಬಂದು ನಿಂತಾಗ ಏದುಸಿರು ಬಿಡುತ್ತಿದ್ದಳು. ನೋಟಿಸಿನ ಮೂಲೆಯ ಫೋಟೊಗೆ ಮೂಗು ತಾಗುವಷ್ಟು ಹತ್ತಿರ ಹೋದಳು. ಬಾಗಿಲಿನ ಬುಡದಲ್ಲಿದ್ದ ಕಪ್ಪು ಮಸುಕು ಮಸುಕಲ್ಲ, ನೆರಳು. ಸಂಜೆ ಬಿಸಿಲಿಗೆ ಬೆನ್ನು ಕೊಟ್ಟು ಫೋಟೊ ತೆಗೆದವರ ನೆರಳು. ತೆಳ್ಳನೆಯ ಮೈ. ತಲೆಯ ಎರಡೂ ಪಕ್ಕದಲ್ಲಿ ಜೋತುಬಿದ್ದ ಎರಡು ಜಡೆ.

ಸೂಜಿಯ ಕೈ ತಾನಾಗಿ ತನ್ನ ಜಡೆಯನ್ನು ಹಿಡಿದುಕೊಂಡಿತು.

ಫೋಟೊ ತೆಗೆದ ಆ ದಿನ ತಾತ ಬಾಗಿಲ ಪಕ್ಕದ ಕಲ್ಲಿನ ಮೇಲೆ ಅವಳನ್ನು ಕೂರಿಸಿಕೊಂಡು, ಗೆದ್ದಲು ಮನೆಪತ್ರ ತಿಂದ ಕತೆಯನ್ನು ನಗುತ್ತಾ ಹೇಳಿದ್ದರು. ಪೇಂಟರ್ ಮಾವ "ಊರ ಗೋಡೆಗೆಲ್ಲ ಬಣ್ಣ ಬಳಿಯೋನ ಮನೆ ಗೋಡೆ ನೋಡ್ತೀಯಾ?" ಎಂದು ತಾವೇ ಬೀರು ಸರಿಸಿ ತೋರಿಸಿದ್ದರು. ಮಕ್ಕಳ ಹೋಮ್‌ವರ್ಕ್ ಎಂದು ಯಾರೂ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಲಿಲ್ಲ. ಸೂಜಿಯೂ ಇಟ್ಟುಕೊಂಡಿರಲಿಲ್ಲ.

ಹೇಳದೆ ಇರಬಹುದಿತ್ತು. ಯಾರಿಗೂ ಗೊತ್ತಿರಲಿಲ್ಲ. ಫೋಟೊ ಇರುವ ಮೂಲೆಯನ್ನು ಹರಿದು ಎಸೆದರೆ ಮುಗಿಯಿತು. ಸೂಜಿ ಕಾಗದದ ಅಂಚನ್ನು ಉಗುರಿನಿಂದ ಎಬ್ಬಿಸಿಯೂ ನೋಡಿದಳು.

ಅಷ್ಟರಲ್ಲಿ ಹಿಂದಿನ ರೂಮಿನಿಂದ ದಡ್ ಎಂದು ಸದ್ದು ಬಂತು. ಬ್ಯಾಡ್ಜ್ ಅಕ್ಕ ಟ್ರಂಕನ್ನು ಕೆಳಗಿಳಿಸುತ್ತಿದ್ದಳು.

ಆ ಸಂಜೆ ಓಣಿಯವರೆಲ್ಲ ಸೂಜಿಯ ಮನೆಯಲ್ಲಿ ಸೇರಿದ್ದರು. ಅಪ್ಪ ನೋಟಿಸಿನ ವಿರುದ್ಧ ಅರ್ಜಿ ಬರೆಯುತ್ತಿದ್ದರು. ಸೂಜಿ ಬಾಗಿಲಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಅಕ್ಕ ಅಲ್ಲ. ಹೇಳಿದ್ದು ನಾನು."

"ಏನು ಹೇಳಿದ್ದು?" ಎಂದರು ಅಪ್ಪ ತಲೆ ಎತ್ತದೆ.

"ಎಲ್ಲಾನೂ. ಗೆದ್ದಲು, ಬಿರುಕು, ಬೀಗ... ಸ್ಕೂಲ್ ಟ್ಯಾಬಲ್ಲಿ ತುಂಬಿದೆ. ಸ್ಟಾರ್ ಕೊಡ್ತಾರೆ ಅಂತ."

ಪೇಂಟರ್ ಮಾವ ನಗಲು ಹೋದರು. ನಗು ಅರ್ಧಕ್ಕೇ ನಿಂತಿತು. ಅಮ್ಮನ ಕೈಯಲ್ಲಿದ್ದ ಕತ್ತರಿ ಬಟ್ಟೆಯ ನಡುವೆಯೇ ನಿಂತಿತು.

"ನಮ್ಮನೆ ಹೊಲಿಗೆ ಅಂಗಡಿ ಅಂತಾನೂ ನೀನೇ ಬರೆದ್ಯಾ?"

"ದಿನವಿಡೀ ಏನು ಕೆಲಸ ನಡೆಯುತ್ತೆ ಅಂತ ಕೇಳಿತ್ತು. ಹೊಲಿಗೆ ಅಂತ ಬರೆದೆ." ಸೂಜಿ ಅಮ್ಮನ ಹತ್ತಿರ ಬಂದಳು. "ನಿಜಾನೇ ಬರೆದೆ ಅಮ್ಮ. ಒಂದೂ ಸುಳ್ಳು ಬರೀಲಿಲ್ಲ."

ಬೀಗದ ತಾತ ಎದ್ದರು. ಬೈಯಲಿಲ್ಲ. ಅವಳನ್ನು ದಾಟಿ ಹೋಗಿ ತಮ್ಮ ಮನೆಯ ಬಾಗಿಲು ಹಾಕಿಕೊಂಡರು. ಚಿಲಕ ಬೀಳುವ ಸದ್ದು ಇಲ್ಲಿಯವರೆಗೆ ಕೇಳಿಸಿತು. ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಸೂಜಿಗೆ.

ಮೊದಲು ಮಾತಾಡಿದ್ದು ಬ್ಯಾಡ್ಜ್ ಅಕ್ಕ. ಅವಳು ಯಾವಾಗ ಬಂದು ಗೋಡೆಗೆ ಒರಗಿ ನಿಂತಳೋ ಯಾರೂ ನೋಡಿರಲಿಲ್ಲ.

"ಆ ಪ್ರಶ್ನೆಗಳು ನೆನಪಿವೆಯಾ ನಿಂಗೆ?"

ಸೂಜಿ ತಲೆಯಾಡಿಸಿದಳು.

"ಎಲ್ಲಾ?"

"ಇಪ್ಪತ್ತೆರಡೂ."

"ಕೂತ್ಕೊಂಡು ಬರಿ ಹಾಗಾದ್ರೆ," ಎಂದಳು ಅಕ್ಕ. ಪುಟ್ಟ ನೋಟ್‌ಬುಕ್ಕನ್ನು ಹೊಸ ಹಾಳೆಗೆ ತಿರುವಿ ಅವಳ ಮುಂದೆ ಇಟ್ಟಳು.

ಅಮ್ಮ ಅಕ್ಕನ ಹತ್ತಿರ ಹೋಗಿ "ನೀನು ಎಲ್ಲಿಗೂ ಹೋಗೋದು ಬೇಡಮ್ಮ" ಎಂದಳು. ದನಿ ಬಹಳ ಸಣ್ಣಗಿತ್ತು. ಅಕ್ಕ "ನೋಡೋಣ ಅಕ್ಕಾ" ಎಂದಳು.

ಸೋಮವಾರ ಸೂಜಿ ಮಿಸ್‌ಗೆ ವಿಷಯ ಹೇಳಿದಳು. ಮಿಸ್ ಮೊದಲು ನಂಬಲಿಲ್ಲ. ಸೂಜಿಯ ಟ್ಯಾಬನ್ನೂ ಹದಿನೆಂಟಿನ ಟ್ಯಾಬನ್ನೂ ಪಕ್ಕಪಕ್ಕ ಇಟ್ಟು ಓದಿದ ಮೇಲೆ ಕುರ್ಚಿಯ ಮೇಲೆ ಕುಳಿತುಬಿಟ್ಟರು.

"ನಂಗೂ ಗೊತ್ತಿರ್ಲಿಲ್ಲ ಮರಿ," ಎಂದರು.

ನಿಜವಾಗಿಯೂ ಗೊತ್ತಿರಲಿಲ್ಲವೇ? ಸೂಜಿ ಮಿಸ್ ಮುಖವನ್ನೇ ದಿಟ್ಟಿಸಿದಳು. ಏನೂ ತಿಳಿಯಲಿಲ್ಲ. ಆದರೆ ಮಿಸ್ ಎರಡೂ ಟ್ಯಾಬ್‌ಗಳ ಫೋಟೊ ತೆಗೆದುಕೊಂಡರು. ಅಂದು ಸಂಜೆ ಓಣಿಗೆ ಬಂದು ಅಪ್ಪನ ಅರ್ಜಿಗೆ ತಾವೂ ಸಹಿ ಹಾಕಿದರು.

ವಿಚಾರಣೆಯ ದಿನ ಓಣಿಯವರೆಲ್ಲ ನೋಟಿಸು ಕಳಿಸಿದ್ದ ಆಫೀಸಿಗೆ ಹೋದರು. ಉದ್ದ ಮೇಜಿನ ಆಚೆ ಒಬ್ಬ ಅಧಿಕಾರಿ ಇದ್ದರು. ಪಕ್ಕದಲ್ಲಿ, ಗಾಜಿನ ಬಿಲ್ಡಿಂಗಿನವರ ಪರವಾಗಿ, ಅದೇ ಹಳದಿ ಟಿ-ಶರ್ಟ್ ಅಂಕಲ್, ಮುಖದ ಮೇಲೆ ಅದೇ ನಗು. ಬಿಲ್ಡಿಂಗಿನ ಬೋರ್ಡಿನ ಮೇಲಿದ್ದ ನಂಬರುಗಳನ್ನು ಅಕ್ಕ ನೋಟಿಸಿನ ನಂಬರುಗಳ ಪಕ್ಕದಲ್ಲೇ ಬರೆದು ತಂದಿದ್ದಳು. ಒಂಬತ್ತೂ ಒಂದೇ. ಬುಕ್ಕನ್ನು ಅಪ್ಪನ ಕೈಗೆ ಕೊಟ್ಟು, ತಾನು ಹಿಂದಿನ ಸಾಲಿನಲ್ಲಿ ನಿಂತಳು. ಬ್ಯಾಡ್ಜನ್ನು ಜೇಬಿನೊಳಗೆ ಹಾಕಿಕೊಂಡಿದ್ದಳು. ಆದರೂ ನೀಲಿ ಪಟ್ಟಿಯ ತುದಿ ಹೊರಗೆ ಇಣುಕುತ್ತಿತ್ತು.

ಅಧಿಕಾರಿ ಸೂಜಿ ಬರೆದ ಇಪ್ಪತ್ತೆರಡು ಪ್ರಶ್ನೆಗಳನ್ನು ಓದಿದರು. ಹದಿನೆಂಟಿನ ಜೋಕಾಲಿಯ ಪ್ರಶ್ನೆಯನ್ನೂ ಓದಿದರು. "ಮಕ್ಕಳ ಕೈಲಿ ಇದನ್ನೆಲ್ಲ ತುಂಬಿಸಿದ್ದೀರಾ?" ಎಂದು ಪಕ್ಕಕ್ಕೆ ತಿರುಗಿ ಕೇಳಿದರು.

"ಮಕ್ಕಳಿಗೆ ನಗರದ ಬಗ್ಗೆ ಪ್ರೀತಿ ಬರಲಿ ಅಂತ ಸರ್," ಎಂದರು ಅಂಕಲ್. ನಗು ಹಾಗೇ ಇತ್ತು.

ಒಂಬತ್ತೂ ನೋಟಿಸು ರದ್ದಾದವು. ಆದರೆ ಅಧಿಕಾರಿ ಇನ್ನೊಂದು ಮಾತನ್ನೂ ಸೇರಿಸಿದರು: ಆರು ತಿಂಗಳ ಮೇಲೆ, ದೊಡ್ಡವರ ಎದುರಿಗೇ, ಹೊಸದಾಗಿ ಸರ್ವೆ ಆಗಬೇಕು.

ಹೊರಗೆ ಬರುವಾಗ ಬೀಗದ ತಾತ ಸೂಜಿಯ ಪಕ್ಕದಲ್ಲಿ ನಡೆಯುತ್ತಿದ್ದರು. ಅಷ್ಟು ದಿನ ಅವಳ ಜೊತೆ ಒಂದು ಮಾತೂ ಆಡಿರಲಿಲ್ಲ.

"ಬೀಸೋ ದೊಣ್ಣೆ ತಪ್ಪಿದ್ರೆ ನೂರು ವರ್ಷ ಆಯಸ್ಸು ಅಂತಾರೆ," ಎಂದರು ಗಾಳಿಗೆ ಹೇಳುವಂತೆ.

"ಆರು ತಿಂಗಳು ಅಂದ್ರಲ್ಲ ತಾತ," ಎಂದಳು ಸೂಜಿ ಮೆಲ್ಲಗೆ.

"ಹೂಂ. ನಮ್ಮ ದೊಣ್ಣೆಗೆ ಆರೇ ತಿಂಗಳು." ತಾತ ಕೆಮ್ಮಿದರು. ಅದು ಕೆಮ್ಮೋ ನಗುವೋ ಸೂಜಿಗೆ ಗೊತ್ತಾಗಲಿಲ್ಲ. "ಈ ಕಡೆ ಬಾ. ಆ ಕಡೆ ಬಸ್ ಬರ್ತಿದೆ."

ಮಾರನೇ ದಿನ ಬ್ಯಾಡ್ಜ್ ಅಕ್ಕ ಬೆಳಿಗ್ಗೆ ಹೋದವಳು ಅರ್ಧ ಗಂಟೆಗೇ ವಾಪಸ್ ಬಂದಳು. ಗಾಜಿನ ಬಿಲ್ಡಿಂಗಿನ ಗೇಟಿನಲ್ಲಿ ಬ್ಯಾಡ್ಜ್ ಮುಟ್ಟಿಸಿದರೆ ದಿನಾ ಹಸಿರು ದೀಪ ಬರುತ್ತಿತ್ತಂತೆ. ಅಂದು ಕೆಂಪು ಬಂತಂತೆ. ಮೂರು ಸಲ ಮುಟ್ಟಿಸಿದರೂ ಕೆಂಪೇ. ಯಾಕೆ ಎಂದು ಕೇಳಲು ಅಲ್ಲಿ ಮನುಷ್ಯರೇ ಇರಲಿಲ್ಲವಂತೆ.

"ಇವಳು ಬುಕ್ ಕೊಟ್ಟಿದ್ದು ಅವರಿಗೆ ಹೇಗೆ ಗೊತ್ತಾಯ್ತು?" ಎಂದರು ಪೇಂಟರ್ ಮಾವ. ದನಿ ತಗ್ಗಿಸಿ, ಓಣಿಯ ಆ ತುದಿಯಿಂದ ಈ ತುದಿಯವರೆಗೆ ನೋಡಿದರು. "ಯಾರೋ ಹೇಳಿರಲೇಬೇಕು. ನೀನೇನಾದ್ರೂ ನೋಡಿದ್ಯಾ ಸೂಜಿ?"

ಎಲ್ಲರೂ ಸೂಜಿಯ ಕಡೆ ತಿರುಗಿದರು. ಮೂಲೆ ಮನೆಯ ಆಂಟಿಯನ್ನು ಮೊನ್ನೆ ಗಾಜಿನ ಬಿಲ್ಡಿಂಗಿನ ಹತ್ತಿರ ನೋಡಿದ್ದು ಅವಳಿಗೆ ನೆನಪಿತ್ತು. ಆಂಟಿ ಯಾರ ಜೊತೆಗೋ ಮಾತಾಡುತ್ತಾ ನಿಂತಿದ್ದರು. ತರಕಾರಿಯವನ ಜೊತೆಗೇ ಇರಬಹುದು.

"ಇಲ್ಲ ಮಾವ," ಎಂದಳು ಸೂಜಿ.

ಭಾನುವಾರ ಅಕ್ಕ ಹೊರಟಳು. ದೂರದ ಯಾವುದೋ ಲಾಂಡ್ರಿಯಲ್ಲಿ ಕೆಲಸ ಸಿಕ್ಕಿದೆ, ರೂಮನ್ನೂ ಅಲ್ಲೇ ಹತ್ತಿರ ನೋಡಿದ್ದೇನೆ ಎಂದಳು. ಅಮ್ಮ ಎರಡು ಸಲ ತಡೆದಳು. ಆಮೇಲೆ ಅಕ್ಕನ ಹಳೇ ಬ್ಯಾಗಿನ ಕಿತ್ತುಹೋದ ಜಿಪ್ಪನ್ನು ಹೊಲಿದು ಕೊಟ್ಟಳು. ಹೊಲಿಯುವಾಗ ತಲೆ ಎತ್ತಲೇ ಇಲ್ಲ.

ಟ್ರಂಕಿನ ಒಂದು ಹಿಡಿ ಅಕ್ಕನ ಕೈಯಲ್ಲಿ, ಇನ್ನೊಂದು ಹಿಡಿ ಸೂಜಿಯ ಕೈಯಲ್ಲಿ. ಇಬ್ಬರೂ ಓಣಿಯ ಉದ್ದಕ್ಕೂ ನಡೆದರು. ಟ್ರಂಕ್ ಸೂಜಿಯ ಮೊಣಕಾಲಿಗೆ ಬಡಿಯುತ್ತಿತ್ತು. ಅವಳು ಕೆಳಗಿಡಲಿಲ್ಲ.

ರಸ್ತೆಯಲ್ಲಿ ಗಾಡಿ ಕಾಯುತ್ತಿತ್ತು. ಅಕ್ಕ ಹತ್ತಿ ಕುಳಿತು, ಟ್ರಂಕನ್ನು ಕಾಲಿನ ಹತ್ತಿರ ಎಳೆದುಕೊಂಡಳು.

"ಚೆನ್ನಾಗಿ ಓದು," ಎಂದಳು.

ಸೂಜಿಯ ನಾಲಿಗೆಯ ತುದಿಯವರೆಗೆ ಪ್ರಶ್ನೆಗಳು ಬಂದು ನಿಂತಿದ್ದವು. ಯಾವ ಬೀದಿ? ಎಷ್ಟನೇ ಮನೆ? ಅಲ್ಲಿ ಯಾರಿದ್ದಾರೆ? ಒಂದು ತಿಂಗಳ ಹಿಂದಾಗಿದ್ದರೆ ಅಷ್ಟನ್ನೂ ಒಂದೇ ಉಸಿರಿಗೆ ಕೇಳಿಬಿಡುತ್ತಿದ್ದಳು.

ಅಕ್ಕ ಒಂದು ಕ್ಷಣ ಕಾದಂತೆ ಕಂಡಿತು. ಆದರೆ ತಾನಾಗಿ ಏನೂ ಹೇಳಲಿಲ್ಲ.

ಸೂಜಿ ಕೇಳಲಿಲ್ಲ. ಗಾಡಿ ತಿರುವು ದಾಟುವವರೆಗೂ ಕೈ ಬೀಸುತ್ತಾ ನಿಂತಳು.